ತೆರೆಯ ಮೇಲಿನ ರೋಗಿ, ಮಂಚದ ಮೇಲಿನ ರೋಗಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ರಾತ್ರಿ ಒಂಬತ್ತು ಗಂಟೆಯ ಸಮಯ. ಊಟ ಮುಗಿದಿದೆ. ಮನೆಯ ಯಜಮಾನರು ಬೆಳಿಗ್ಗೆ ಓದಲು ಉಳಿದ ಪತ್ರಿಕೆಯನ್ನು ಹಿಡಿದು ಕುಳಿತಿದ್ದಾರೆ. ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದುಕೊಂಡಿದೆ; ಅದರ ಮುಂದೆ ನರ್ಸಿಂಗ್ ಓದುತ್ತಿರುವ ಮಗಳು. ತೆರೆಯ ಮೇಲೆ ಒಂದು ಮಂಚ, ಮಂಚದ ಮೇಲೆ ಬೆವರುತ್ತಿರುವ ಒಬ್ಬ ಮುದುಕನ ಚಿತ್ರ. ಹುಡುಗಿ ಒಂದೆರಡು ಗುಂಡಿಗಳನ್ನು ಒತ್ತುತ್ತಾಳೆ, ಯೋಚಿಸುತ್ತಾಳೆ, ಮತ್ತೆ ಒತ್ತುತ್ತಾಳೆ. ನಾಡಿಯ ಗೆರೆ ಏರಿಳಿಯುತ್ತ ಬಂದು ನೆಟ್ಟಗಾಗಿಬಿಡುತ್ತದೆ.

“ಅಯ್ಯೋ, ಸತ್ತೇ ಹೋದ!”

ಅಡಿಗೆಮನೆಯಿಂದ ತಾಯಿ ಒದ್ದೆ ಕೈಯಲ್ಲೇ ಓಡಿ ಬರುತ್ತಾರೆ. “ಯಾರೇ? ಯಾರೇ ಸತ್ತದ್ದು?”

“ಯಾರೂ ಇಲ್ಲಮ್ಮ, ಪಾಠದೊಳಗಿನ ರೋಗಿ. ಇನ್ನೊಂದು ಸಲ ಬದುಕಿಸ್ತೀನಿ.”

ತಂದೆ ಪತ್ರಿಕೆಯಿಂದ ತಲೆಯೆತ್ತುತ್ತಾರೆ. “ಆಸ್ಪತ್ರೆಯಲ್ಲಿ ಇನ್ನೊಂದು ಸಲ ಅನ್ನೋದು ಇರ್ತದೇನವ್ವಾ?”

“ಇರೋದಿಲ್ಲ ಅಪ್ಪಾಜಿ. ಅದಕ್ಕೇ ಇಲ್ಲಿ ಸಾಯಿಸ್ತಿರೋದು.”

ಈ ಉತ್ತರದಲ್ಲಿ ತುಂಟತನವಿದ್ದರೂ ತಿರುಳಿಲ್ಲದಿಲ್ಲ. ದಾದಿಯ ವಿದ್ಯೆಗೆ ಗಣಕಯಂತ್ರವೇಕೆ ಎಂದು ಕೇಳುವವರಿಗೆ ಇದಕ್ಕಿಂತ ಚಿಕ್ಕದಾದ ಸಮಾಧಾನ ದೊರೆಯಲಾರದು. ಆದರೆ ತಂದೆಯ ಪ್ರಶ್ನೆಯೂ ಅಷ್ಟೇ ತೂಕದ್ದು. ತೆರೆಯ ಮೇಲೆ ನೂರು ಸಲ ಬದುಕಿಸಿದವಳು ಮಂಚದ ಬಳಿ ನಿಂತಾಗ ಏನು ಮಾಡುತ್ತಾಳೆ? ನಾಳೆ ಆ ಮಂಚದ ಮೇಲೆ ಮಲಗುವವರು ಈ ಬಡಾವಣೆಯವರೇ ಆಗಬಹುದಾದುದರಿಂದ ಈ ವಿಚಾರ ಕಾಲೇಜಿನ ಗೋಡೆಯೊಳಗೇ ಉಳಿಯತಕ್ಕದ್ದಲ್ಲ.

ಹತ್ತಿಯ ಮಿಲ್ಲುಗಳಿಂದ ಹೆಸರಾದ ದಾವಣಗೆರೆ ಕಾಲೇಜುಗಳ ಊರಾದದ್ದು ಒಂದು ತಲೆಮಾರಿನ ಕಣ್ಣೆದುರಿಗೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಚಿಗಟೇರಿ ಆಸ್ಪತ್ರೆಯ ಹೆಸರನ್ನು ಕೇಳದವರು ಸುತ್ತಿನ ಹಳ್ಳಿಗಳಲ್ಲಿ ಯಾರೂ ಇಲ್ಲ. 1997ರಲ್ಲಿ ಊರು ಜಿಲ್ಲಾಕೇಂದ್ರವೂ ಆಯಿತು. ಎಲ್ಲಿ ಆಸ್ಪತ್ರೆಯೋ ಅಲ್ಲಿ ದಾದಿಯರು, ಎಲ್ಲಿ ದಾದಿಯರೋ ಅಲ್ಲಿ ಅವರನ್ನು ತಯಾರು ಮಾಡುವ ಶಾಲೆಗಳು. ಹೊನ್ನಾಳಿ, ಜಗಳೂರು, ಹರಪನಹಳ್ಳಿಯ ಕಡೆಯ ಹೆಣ್ಣುಮಕ್ಕಳು ಇಲ್ಲಿಗೆ ಬಂದು ಮೂರು ವರ್ಷದ ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿ.ಎಸ್‌ಸಿ.ಯನ್ನೋ ಓದುತ್ತಾರೆ; ಈಚೆಗೆ ಗಂಡುಮಕ್ಕಳೂ ಉಂಟು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊರಡಿಸಿದ ಪರಿಷ್ಕೃತ ಪಠ್ಯಕ್ರಮವು ಬಿ.ಎಸ್‌ಸಿ. ವ್ಯಾಸಂಗವನ್ನು ಆರು ಆರು ತಿಂಗಳ ಭಾಗಗಳಾಗಿ ಒಡೆದುದಲ್ಲದೆ, ಆರೋಗ್ಯ ಮಾಹಿತಿ ಮತ್ತು ತಂತ್ರಜ್ಞಾನವೆಂಬ ಒಂದು ವಿಷಯವನ್ನೇ ಹೊಸದಾಗಿ ಸೇರಿಸಿತು. ಅಂದಮೇಲೆ ಗಣಕಯಂತ್ರವು ಬೇಕೋ ಬೇಡವೋ ಎಂಬ ಚರ್ಚೆ ಮುಗಿಯಿತು. ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದು ಮಾತ್ರ ಉಳಿದಿದೆ.

ಇದೇನು ನಿನ್ನೆ ಮೊನ್ನೆಯ ಹುಚ್ಚು ಎಂದು ಬಗೆಯುವುದೂ ಸರಿಯಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರು 1960ರಲ್ಲಿ ‘ಪ್ಲೇಟೋ’ ಎಂಬ ಹೆಸರಿನ ಬೋಧನಾಯಂತ್ರವನ್ನು ಕಟ್ಟಿದರು. ಒಂದು ಕೋಣೆಯನ್ನು ತುಂಬುವ ಗಣಕ, ಅದಕ್ಕೆ ತಂತಿಯಿಂದ ಜೋಡಿಸಿದ ಟೆಲಿವಿಷನ್ ಪರದೆ, ಮುಂದೆ ಒಂದಿಷ್ಟು ಗುಂಡಿಗಳು. ಅವರ ಪತ್ನಿ ಮೇರಿಯಾನ್ ಬಿಟ್ಜರ್ ವೃತ್ತಿಯಿಂದ ದಾದಿ. ಗಂಡನ ಯಂತ್ರವನ್ನು ಕಂಡು ಸುಮ್ಮನಿರದೆ ಆಕೆ ಅದರಲ್ಲಿ ದಾದಿಯರಿಗೊಂದು ಪಾಠವನ್ನು ಹೂಡಿದರು. ಅರ್ಬಾನಾ ಪಟ್ಟಣದ ಮರ್ಸಿ ಆಸ್ಪತ್ರೆಯ ನರ್ಸಿಂಗ್ ಶಾಲೆಯ ವಿದ್ಯಾರ್ಥಿನಿಯರು ಅದರ ಮುಂದೆ ಕುಳಿತರು. 1963ರಲ್ಲಿ ಅದರ ವರದಿಯೂ ಹೊರಬಂದಿತು.

ಆ ಪಾಠದ ಸೊಗಸು ಅದರ ರೀತಿಯಲ್ಲಿದೆ. ಹೃದಯಾಘಾತವಾದ ಒಬ್ಬ ರೋಗಿಯನ್ನು ಯಂತ್ರವು ಮುಂದಿಡುತ್ತಿತ್ತು, ಉಪನ್ಯಾಸ ಮಾಡುತ್ತಿರಲಿಲ್ಲ. ರೋಗಿಗೆ ಏನಾಗಿದೆಯೆಂದು ವಿದ್ಯಾರ್ಥಿನಿಯೇ ಕೇಳಬೇಕು, ಯಾವ ಉಪಚಾರವೆಂದು ಆಕೆಯೇ ಆರಿಸಬೇಕು. ಆರಿಸಿದ್ದರ ಫಲವನ್ನು ಯಂತ್ರ ತೋರಿಸುವುದು. ಕೇಳದಿದ್ದರೆ ಅದು ತಾನಾಗಿ ಬಾಯಿ ಬಿಡುವುದಿಲ್ಲ. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನಾಲ್ಕು ವರ್ಷವನ್ನು ಮೌನವಾಗಿ ಕಳೆಯುವ ಹುಡುಗಿಗೆ ಇಂಥ ಯಂತ್ರದ ಮುಂದೆ ತಪ್ಪಿಸಿಕೊಳ್ಳಲು ಎಡೆಯಿಲ್ಲ. ಮುಂದೆ ಬಾಣಂತಿಯರ ಶುಶ್ರೂಷೆಯ ಪಾಠವೂ ಅದರಲ್ಲಿ ಬಂದಿತು. ಅದೇ ವಿಷಯವನ್ನು ತರಗತಿಯಲ್ಲಿ ಕಲಿಯುವುದಕ್ಕಿಂತ ಕಡಿಮೆ ವೇಳೆಯಲ್ಲಿ ಹುಡುಗಿಯರು ಕಲಿತು ಮುಗಿಸಿದರೆಂದು ಕಂಡುಬಂದಿತು. ಅಂದ ಹಾಗೆ, ಪ್ಲೇಟೋವಿಗೆ ಒಳ್ಳೆಯ ಪರದೆ ಬೇಕೆಂದು ಬಿಟ್ಜರ್ ಮತ್ತು ಅವರ ಇಬ್ಬರು ಸಂಗಡಿಗರು 1964ರಲ್ಲಿ ಕಂಡುಹಿಡಿದುದೇ ಪ್ಲಾಸ್ಮಾ ಪರದೆ. ಎಷ್ಟೋ ವರ್ಷಗಳ ಮೇಲೆ ಅದು ಗೋಡೆಗೆ ತಗಲಿಹಾಕುವ ಟೆಲಿವಿಷನ್ ಆಗಿ ಮನೆಮನೆಯನ್ನು ಹೊಕ್ಕಿತು.

ಯಂತ್ರಕ್ಕೆ ಮೊದಲು ಏನಿತ್ತು? ಗೊಂಬೆಯಿತ್ತು. ರೋಡ್ ಐಲೆಂಡ್ ಪ್ರಾಂತದ ಮಾರ್ಥಾ ಚೇಸ್ ಎಂಬಾಕೆ ಮಕ್ಕಳಿಗೆ ಬಟ್ಟೆಯ ಗೊಂಬೆ ಮಾಡಿ ಮಾರುತ್ತಿದ್ದವರು. ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಕೋರಿಕೆಯ ಮೇಲೆ 1911ರಲ್ಲಿ ಆಕೆ ಆಳೆತ್ತರದ ಗೊಂಬೆಯೊಂದನ್ನು ಮಾಡಿಕೊಟ್ಟರು. ‘ಮಿಸೆಸ್ ಚೇಸ್’ ಎಂದೇ ಹೆಸರಾದ ಆ ಗೊಂಬೆಯನ್ನು ಹೊರಳಿಸಿ, ಮೈ ಒರೆಸಿ, ಹಾಸಿಗೆ ಬದಲಿಸಿ ಕಲಿತ ದಾದಿಯರ ಸಂಖ್ಯೆಗೆ ಲೆಕ್ಕವಿಲ್ಲ. 1960ರಲ್ಲಿ ನಾರ್ವೆಯ ಆಟಿಕೆ ವ್ಯಾಪಾರಿ ಆಸ್ಮುಂಡ್ ಲೇರ್ಡಾಲ್, ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಯಲು ‘ಆ್ಯನ್’ ಎಂಬ ಗೊಂಬೆಯನ್ನು ತಂದ. 1967ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗೊಂಬೆಗೂ ಗಣಕಕ್ಕೂ ಗಂಟು ಬಿದ್ದಿತು. ‘ಸಿಮ್ ಒನ್’ ಎಂಬ ಆ ಗೊಂಬೆಗೆ ಎದೆ ಏರಿಳಿಯುತ್ತಿತ್ತು, ಕಣ್ಣು ಮಿಟುಕುತ್ತಿತ್ತು. ಈಗಿನ ಗೊಂಬೆಗಳು ಕೆಮ್ಮುತ್ತವೆ, ನರಳುತ್ತವೆ, ಹೆರುತ್ತವೆ. ಅವುಗಳ ಬೆಲೆಯನ್ನು ಕೇಳಿದ ಆಡಳಿತ ಮಂಡಲಿಗಳು ನರಳುವುದೂ ಉಂಟು.

ಗಣಕಯಂತ್ರಕ್ಕೆ ನಿಸ್ಸಂದೇಹವಾಗಿ ಮೊದಲ ಮಣೆ ಹಾಕಬೇಕಾದ ಪಾಠವೊಂದಿದೆ, ಅದು ಲೆಕ್ಕ. ದಾದಿಯ ವೃತ್ತಿಯಲ್ಲಿ ಲೆಕ್ಕವೆಷ್ಟಿದೆ ಎಂಬುದು ಹೊರಗಿನವರಿಗೆ ತಿಳಿಯದು. ಐನೂರು ಮಿಲಿಲೀಟರ್ ಸಲೈನನ್ನು ನಾಲ್ಕು ಗಂಟೆಯಲ್ಲಿ ಇಳಿಸಬೇಕೆಂದು ಡಾಕ್ಟರು ಬರೆದು ಹೋಗುತ್ತಾರೆ. ಕೊಳವೆಯಲ್ಲಿ ಒಂದು ಮಿಲಿಲೀಟರಿಗೆ 20 ಹನಿ ಬೀಳುವುದಾದರೆ ಒಟ್ಟು 10,000 ಹನಿ. ನಾಲ್ಕು ಗಂಟೆಗೆ 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಅದೇ ಮಕ್ಕಳ ವಾರ್ಡಿನ ಸಣ್ಣ ಹನಿಯ ಕೊಳವೆಯಾದರೆ ಮಿಲಿಲೀಟರಿಗೆ 60 ಹನಿ. ಆಗ ಇಷ್ಟೇ ನೀರಿಗೆ ನಿಮಿಷಕ್ಕೆ 125 ಹನಿ ಬೇಕು. ಕೊಳವೆಯನ್ನು ನೋಡದೆ ಹನಿ ಎಣಿಸಿದವಳು ಮೂರು ಪಾಲು ಹೆಚ್ಚಾಗಿಯೋ ಮೂರರಲ್ಲೊಂದು ಪಾಲೋ ಇಳಿಸುತ್ತಾಳೆ.

ಮನೆಯವರಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಜ್ವರದ ಮಗುವಿನ ತೂಕ 12 ಕಿಲೋ; ಕಿಲೋಗೆ 15 ಮಿಲಿಗ್ರಾಮಿನಂತೆ 180 ಮಿಲಿಗ್ರಾಂ ಪ್ಯಾರಸಿಟಮಾಲ್ ಕೊಡಬೇಕಾಗಿದೆ ಎನ್ನೋಣ. ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸೀಸೆಯಾದರೆ ಅದು 7.2 ಮಿಲಿಲೀಟರ್, 250 ಮಿಲಿಗ್ರಾಂ ಇರುವ ಸೀಸೆಯಾದರೆ 3.6 ಮಿಲಿಲೀಟರ್. ಎರಡು ಬಗೆಯ ಸೀಸೆಗಳೂ ಅಂಗಡಿಯಲ್ಲಿ ಪಕ್ಕಪಕ್ಕದಲ್ಲೇ ನಿಂತಿರುತ್ತವೆ. (ಡಾಕ್ಟರ ಮಾತಿಲ್ಲದೆ ಈ ಲೆಕ್ಕವನ್ನು ಮನೆಯಲ್ಲಿ ಪ್ರಯೋಗಿಸತಕ್ಕದ್ದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.) ಇನ್ನು ಇನ್ಸುಲಿನ್. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಯೂ ಉಂಟು, 100 ಯೂನಿಟ್ಟಿನದೂ ಉಂಟು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಬಣ್ಣದ್ದು. ನೂರರ ಸೀಸೆಯ ಔಷಧಿಯನ್ನು ನಲವತ್ತರ ಸಿರಿಂಜಿನಲ್ಲಿ ಎಳೆದರೆ ರೋಗಿಯ ಮೈಗೆ ಎರಡೂವರೆ ಪಟ್ಟು ಸೇರುತ್ತದೆ. ಸಕ್ಕರೆ ಕುಸಿದು ಎಚ್ಚರ ತಪ್ಪಲು ಅಷ್ಟು ಸಾಕು.

ಇಂಥ ಲೆಕ್ಕವನ್ನು ಹತ್ತು ಸಲ ಹೇಳಿಕೊಟ್ಟ ಬೋಧಕಿಗೆ ಹನ್ನೊಂದನೆಯ ಸಲ ಬೇಸರ ಬಾರದಿರದು. ಕೇಳುವ ಹುಡುಗಿಗೂ ನಾಚಿಕೆ. ಯಂತ್ರಕ್ಕೆ ಬೇಸರವಿಲ್ಲ, ಅದರ ಮುಂದೆ ನಾಚಿಕೆಯಿಲ್ಲ. ಅಂಕಿಗಳನ್ನು ಬದಲಿಸಿ ಬದಲಿಸಿ ಅದು ಸಾವಿರ ಲೆಕ್ಕ ಕೊಡಬಲ್ಲದು. ತಪ್ಪಿದಲ್ಲಿ ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಲ್ಲದು. ಹೃದಯದ ಬಡಿತ, ಶ್ವಾಸಕೋಶದ ಗೊರಗೊರ ಸದ್ದುಗಳ ಪಾಠವೂ ಹೀಗೆಯೇ. ವಾರ್ಡಿನಲ್ಲಿ ಒಬ್ಬ ಉಬ್ಬಸದ ರೋಗಿಯ ಎದೆಗೆ ಇಪ್ಪತ್ತು ಜನ ಸಾಲಾಗಿ ಬಂದು ಸ್ಟೆತಾಸ್ಕೋಪು ಒತ್ತುವುದು ಅನ್ಯಾಯ. ಅದೇ ಸದ್ದನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಇಪ್ಪತ್ತು ಸಲ ಕೇಳಿದರೆ ಯಾರಿಗೂ ಕಷ್ಟವಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸುಗಮ. ಮುಂದಿನದೇ ತೊಡಕು.

ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯು ಲೇತುಗಳಿಗೆ ಹೆಸರಾಗಿತ್ತು. ಲೇತಿನ ನಕ್ಷೆಯನ್ನು ಓದಬಲ್ಲವನಿಗೂ ಲೇತನ್ನು ನಡೆಸಬಲ್ಲವನಿಗೂ ಇರುವ ಅಂತರವನ್ನು ತುಂಗಭದ್ರೆಯ ದಡದ ಆ ಊರಿನ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಬ್ಬಿಣ ಬಿಸಿಯಾದುದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ದಾದಿಯ ಕೈಯೂ ಅಂಥದೇ. ಮುದುಕಿಯ ಒಣಗಿದ ತೋಳಿನಲ್ಲಿ ರಕ್ತನಾಳ ಜಾರುವುದನ್ನು ಬೆರಳು ಅರಿಯಬೇಕೇ ಹೊರತು ಗುಂಡಿ ಅರಿಯದು.

ಇದಕ್ಕೆ ಕರ್ನಾಟಕದ್ದೇ ಆದ ಸಾಕ್ಷಿಯೊಂದು ಉಂಟು. ಹುಟ್ಟಿದ ಕೂಸು ಮೊದಲ ಒಂದು ನಿಮಿಷದೊಳಗೆ ಉಸಿರಾಡಬೇಕು. ಉಸಿರಾಡದಿದ್ದರೆ ಮೈ ಒರೆಸಿ, ಬೆನ್ನು ನೀವಿ, ಅಷ್ಟಕ್ಕೂ ಆಗದಿದ್ದರೆ ಚೀಲ ಮತ್ತು ಮುಖವಾಡದಿಂದ ಗಾಳಿ ಊಡಬೇಕು. ಆ ಒಂದು ನಿಮಿಷಕ್ಕೆ ‘ಬಂಗಾರದ ನಿಮಿಷ’ವೆಂದು ಹೆಸರು. ‘ಶಿಶುಗಳ ಉಸಿರಿಗೆ ನೆರವಾಗುವುದು’ ಎಂಬರ್ಥದ ಹೆಸರಿನ ಈ ಶಿಕ್ಷಣವನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ತಮ್ಮ ಜಿಲ್ಲೆಯಲ್ಲಿ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಜಿಲ್ಲಾ ಮತ್ತು ನಗರದ ಆಸ್ಪತ್ರೆಗಳಿಂದ 599 ಮಂದಿ ಹೆರಿಗೆ ಮಾಡಿಸುವವರು ತರಬೇತಿ ಹೊಂದಿದರು. ಅದರ ಫಲವು 2013ರಲ್ಲಿ ಪ್ರಕಟವಾಯಿತು. ಸತ್ತೇ ಹುಟ್ಟಿತೆಂದು ಬರೆಯಲ್ಪಡುತ್ತಿದ್ದ ಶಿಶುಗಳು ನೂರಕ್ಕೆ 3.0 ಇದ್ದದ್ದು 2.3ಕ್ಕೆ ಇಳಿಯಿತು. ಆದರೆ ಹುಟ್ಟಿದ ಮೇಲೆ ಮೊದಲ ತಿಂಗಳಲ್ಲಿ ಸಾಯುವ ಕೂಸುಗಳ ಪ್ರಮಾಣ ಇಳಿಯಲಿಲ್ಲವೆಂಬುದನ್ನೂ ಆ ವರದಿ ಮುಚ್ಚಿಡಲಿಲ್ಲ.

ಮೊದಲನೆಯ ಅಂಕಿಯನ್ನು ಓದಿದ ತಾಯಂದಿರು ಒಂದು ಕ್ಷಣ ನಿಲ್ಲುವುದು ಸಹಜ. ಉಸಿರಿಲ್ಲದೆ ನೀಲಿಗಟ್ಟಿ ಬಂದ ಕೂಸನ್ನು ‘ಸತ್ತದ್ದು’ ಎಂದು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದ ಕೈಗಳು, ಕಲಿತ ಮೇಲೆ ಅದನ್ನೇ ಒರೆಸಿ, ನೀವಿ, ಗಾಳಿ ಊಡಿದವು. ಅವುಗಳಲ್ಲಿ ಕೆಲವು ಅತ್ತವು.

ಈ ಶಿಕ್ಷಣದಲ್ಲಿ ಬಳಸಿದ ಮುಖ್ಯ ಸಾಧನವು ಗಣಕಯಂತ್ರವಲ್ಲ, ಒಂದು ಗೊಂಬೆ. ಒಳಗೆ ನೀರು ತುಂಬಿದರೆ ಎಳೆಗೂಸಿನಂತೆ ಕೈಗೆ ಜೋತುಬೀಳುತ್ತದೆ. ಒಂದು ರಬ್ಬರ್ ಉಂಡೆಯನ್ನು ಅಮುಕಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ. ಆ ಲೇರ್ಡಾಲನ ಸಂಸ್ಥೆಯೇ ಇದನ್ನೂ ಮಾಡಿದ್ದು. ವಿದ್ಯುತ್ತು ಬೇಡ, ಇಂಟರ್‌ನೆಟ್ಟು ಬೇಡ. ಇದೇ ಶಿಕ್ಷಣವನ್ನು ಕೀನ್ಯಾ ಮತ್ತು ಪಾಕಿಸ್ತಾನಗಳಲ್ಲಿ ಮೊದಲು ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿದ್ದಿತ್ತು: ಪ್ರಶ್ನೆಪತ್ರಿಕೆಗೆ ಚೆನ್ನಾಗಿ ಉತ್ತರ ಬರೆದವರೇ ಚೀಲ, ಮುಖವಾಡವನ್ನು ಕೈಗೆ ಕೊಟ್ಟಾಗ ತಡವರಿಸಿದರು. ತಲೆಗೆ ಬಂದದ್ದು ಕೈಗೆ ಬರುವುದಕ್ಕೆ ಬೇರೆಯೇ ಅಭ್ಯಾಸ ಬೇಕು. ಅದನ್ನೂ ತಿಂಗಳಿಗೊಮ್ಮೆಯಾದರೂ ಮಾಡುತ್ತಿರಬೇಕು. ಗಣಕದ ಮುಂದೆ ಪಡೆದ ಅಂಕಗಳನ್ನು ಕಂಡು ಹಿಗ್ಗುವ ಕಾಲೇಜುಗಳು ಈ ಸಂಗತಿಯನ್ನು ಗೋಡೆಗೆ ಬರೆದು ಹಚ್ಚಿದರೆ ತಪ್ಪಲ್ಲ.

ಹಾಗೆಂದು ಇನ್ನೊಂದು ತುದಿಗೆ ಹೋಗಿ ಯಂತ್ರವನ್ನು ಹಳಿಯುವುದೂ ಬೇಡ. ಅಮೆರಿಕದ ನರ್ಸಿಂಗ್ ಮಂಡಲಿಗಳ ರಾಷ್ಟ್ರೀಯ ಪರಿಷತ್ತು ಹತ್ತು ಶಾಲೆಗಳ 666 ವಿದ್ಯಾರ್ಥಿಗಳನ್ನು ಇಡೀ ವ್ಯಾಸಂಗಕಾಲ ಹಿಂಬಾಲಿಸಿ 2014ರಲ್ಲಿ ವರದಿ ಕೊಟ್ಟಿತು. ಆಸ್ಪತ್ರೆಯ ಅಭ್ಯಾಸದ ಗಂಟೆಗಳಲ್ಲಿ ಅರ್ಧದಷ್ಟನ್ನು ಕೃತಕ ರೋಗಿಯ ಮುಂದೆ ಕಳೆದವರೂ ಕೊನೆಯಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಈ ವಾಕ್ಯವನ್ನು ಉದ್ಧರಿಸುವವರು ಅದರ ಬಾಲವನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಪ್ರತಿಯೊಂದು ಅಭ್ಯಾಸದ ಕೊನೆಗೂ ತರಬೇತಾದ ಬೋಧಕರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು, ಏನು ಮಾಡಿದಿರಿ, ಏಕೆ ಮಾಡಿದಿರಿ, ರೋಗಿ ಕೆಡುತ್ತಿರುವುದು ಯಾವಾಗ ಕಾಣಿಸಿತು ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಕಲಿಕೆಯಾದುದು ಆ ಮಾತುಕತೆಯಲ್ಲಿ. ಯಂತ್ರವನ್ನು ಕೊಂಡು ಬೋಧಕರನ್ನು ಕಡಿಮೆ ಮಾಡಿದ ಶಾಲೆಗೆ ಆ ಫಲ ಬರುವುದೆಂದು ನಂಬಲು ಕಾರಣವಿಲ್ಲ.

ದಾವಣಗೆರೆಯ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಭಾಷೆಯದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗಿ ನರ್ಸಿಂಗ್ ಶಾಲೆಯ ಮೊದಲ ದಿನ ಎದುರಿಸುವುದು ದೇಹದ ಇನ್ನೂರಾರು ಎಲುಬುಗಳನ್ನಲ್ಲ, ಆ ಎಲುಬುಗಳ ಇಂಗ್ಲಿಷ್ ಹೆಸರುಗಳನ್ನು. ಪುಸ್ತಕ ಇಂಗ್ಲಿಷು, ಪರೀಕ್ಷೆ ಇಂಗ್ಲಿಷು. ಗಣಕದೊಳಗಿನ ಪಾಠವಂತೂ ಬಹುಮಟ್ಟಿಗೆ ಪರದೇಶದಲ್ಲಿ ತಯಾರಾದುದು. ಅದರಲ್ಲಿ ಬರುವ ರೋಗಿ ತನ್ನ ಎದೆನೋವನ್ನು ಒಂದರಿಂದ ಹತ್ತರ ಅಳತೆಯಲ್ಲಿ ಎಂಟೆಂದು ಅಚ್ಚುಕಟ್ಟಾಗಿ ಹೇಳುತ್ತಾನೆ. ವಾರ್ಡಿನಲ್ಲಿ ಮಲಗಿದ ರೈತ ಹಾಗೆ ಹೇಳುವುದಿಲ್ಲ. “ಎದಿ ಹಿಡದಂಗ ಆಗೈತ್ರೀ ಸಿಸ್ಟರ್” ಎನ್ನುತ್ತಾನೆ. ಇಲ್ಲವೆ, “ವಾಯು ಆಗೈತಿ, ಒಂದು ಸೋಡಾ ಕುಡಿದ್ರ ಹೋಗತೈತಿ” ಎಂದು ಸಮಾಧಾನವನ್ನೂ ತಾನೇ ಹೇಳಿಕೊಳ್ಳುತ್ತಾನೆ. ಹೆಂಗಸಾದರೆ, ಅದರಲ್ಲೂ ಸಕ್ಕರೆ ಕಾಯಿಲೆಯವಳಾದರೆ, ಎದೆನೋವೇ ಇಲ್ಲದೆ ಬರಿಯ ಸುಸ್ತು, ಸಂಕಟ, ಬೆವರು ಎಂದು ಹೃದಯಾಘಾತವು ಬರಬಹುದು. “ಯಾಕೋ ಜೀವ ಒಂಥರಾ ಆಗೈತವ್ವಾ” ಎಂಬ ಮಾತಿನ ಹಿಂದೆ ಸಾವು ನಿಂತಿರಬಹುದೆಂದು ಯಾವ ಪರದೇಶದ ಪಾಠವೂ ಕಲಿಸದು.

ಕನ್ನಡದಲ್ಲಿ ನೋವಿಗೆ ಹೆಸರುಗಳಿಗೇನು ಕೊರತೆ? ಚುಚ್ಚುವುದು, ಇರಿಯುವುದು, ಸೆಳೆಯುವುದು, ಜಗ್ಗುವುದು, ಉರಿಯುವುದು, ಹಿಂಡುವುದು, ಜೋಮು ಹಿಡಿಯುವುದು, ಮುಲುಕುವುದು. ಒಂದೊಂದೂ ಒಂದೊಂದು ರೋಗದ ಕಡೆಗೆ ಬೆರಳು ತೋರಿಸುತ್ತದೆ. ಇವನ್ನು ಕೂಡಿಹಾಕಿ, ನಮ್ಮ ವಾರ್ಡುಗಳಲ್ಲಿ ರೋಗಿಗಳು ಆಡುವಂತೆಯೇ ಧ್ವನಿಮುದ್ರಿಸಿ, ಅದರ ಮೇಲೆ ಪಾಠವನ್ನು ಕಟ್ಟುವುದು ಅಸಾಧ್ಯವಾದ ಕೆಲಸವೇನೂ ಅಲ್ಲ. ಮೇರಿಯಾನ್ ಬಿಟ್ಜರ್ 1963ರಲ್ಲಿ ಕೋಣೆಯಷ್ಟು ದೊಡ್ಡ ಯಂತ್ರದಲ್ಲಿ ಮಾಡಿದುದನ್ನು ಈಗ ಅಂಗೈಯಗಲದ ಫೋನಿನಲ್ಲಿ ಮಾಡಬಹುದು. ಅದಕ್ಕೆ ಬೇಕಾದುದು ಎಂಜಿನಿಯರಿಗಿಂತ ಹೆಚ್ಚಾಗಿ, ಇಪ್ಪತ್ತು ವರ್ಷ ರಾತ್ರಿಪಾಳಿ ಮಾಡಿದ ಒಬ್ಬ ಹಿರಿಯ ಸಿಸ್ಟರು. ಆಕೆಯನ್ನು ವಾರ್ಡಿನಿಂದ ಕರೆದು ಕೂಡಿಸಿ, ಅದಕ್ಕೆ ಸಂಬಳ ಕೊಡುವ ಸಂಸ್ಥೆ ಬೇಕು.

2022ರ ಕೊನೆಯಿಂದ ಮಾತನಾಡುವ ಯಂತ್ರಗಳೂ ಬಂದಿವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತವೆ. ಇಂಗ್ಲಿಷ್ ಪುಸ್ತಕದ ಕಗ್ಗಂಟನ್ನು ಬಿಡಿಸಿ ಹೇಳುತ್ತವೆ. ಕನ್ನಡ ಮಾಧ್ಯಮದ ಹುಡುಗಿಗೆ ಇದು ಕಡಿಮೆ ಉಪಕಾರವಲ್ಲ. ಆದರೆ ಅವುಗಳಿಗೆ ಒಂದು ಕೆಟ್ಟ ಚಾಳಿ ಉಂಟು: ತಿಳಿಯದುದನ್ನೂ ತಿಳಿದಂತೆ, ಸ್ವಲ್ಪವೂ ಅಳುಕಿಲ್ಲದೆ ಹೇಳಿಬಿಡುತ್ತವೆ. ಔಷಧಿಯ ಪ್ರಮಾಣವನ್ನು ಅವುಗಳಿಂದ ಕೇಳಿ ಪುಸ್ತಕದಲ್ಲಿ ನೋಡದೆ ನಂಬಿದರೆ ಮೇಲೆ ಹೇಳಿದ ಇನ್ಸುಲಿನ್ ಕತೆಯೇ ಆದೀತು.

ಪೂರ್ತಿ ದೂರದ ಕಲಿಕೆಯ ರುಚಿಯನ್ನು 2020ರ ಮಾರ್ಚಿನ ಲಾಕ್‌ಡೌನ್ ತೋರಿಸಿಕೊಟ್ಟಿತು. ಕಾಲೇಜಿನ ಬಾಗಿಲು ಮುಚ್ಚಿತು. ಪಾಠ ಫೋನಿಗೆ ಇಳಿಯಿತು. ಮನೆಯಲ್ಲಿ ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿ. ಹಳ್ಳಿಯಲ್ಲಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಬೇಕು. ದಿಂಬಿಗೆ ಬ್ಯಾಂಡೇಜು ಸುತ್ತುವುದನ್ನು ಫೋನು ನೋಡಿ ಕಲಿಯಬಹುದು; ದಿಂಬು ನೋವೆಂದು ಕೈ ಸೆಳೆದುಕೊಳ್ಳುವುದಿಲ್ಲವಲ್ಲ! ಆದರೂ ಅದೇ ಕಾಲದಲ್ಲಿ, ಕೆಲಸದಲ್ಲಿದ್ದ ದಾದಿಯರಿಗೂ ಇತರ ಆರೋಗ್ಯ ಸಿಬ್ಬಂದಿಗೂ ಕೇಂದ್ರ ಸರ್ಕಾರವು ‘ದೀಕ್ಷಾ’ ಜಾಲದ ಮೂಲಕ ಹೊಸ ರೋಗದ ಪಾಠಗಳನ್ನು ಮುಟ್ಟಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕಿಂತ ಮೊದಲೇ, 2018ರಲ್ಲಿ, ತನ್ನ ಡಿಜಿಟಲ್ ಅಕಾಡೆಮಿಯನ್ನು ತೆರೆದು ದೂರದೂರಿನ ವೈದ್ಯರಿಗೂ ದಾದಿಯರಿಗೂ ಮನೋರೋಗಿಗಳ ಆರೈಕೆಯನ್ನು ಕಲಿಸುತ್ತ ಬಂದಿತ್ತು. ಕೈಪಳಗಿದವರಿಗೆ ತೆರೆಯ ಪಾಠ ಒಗ್ಗುತ್ತದೆ; ಕೈ ಪಳಗಬೇಕಾದವರಿಗೆ ಅದು ಅರ್ಧ ಮಾತ್ರ.

ಹೊರದೇಶದ ಆಸೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಎಷ್ಟೋ ಮನೆಗಳಲ್ಲಿ ಸಾಲ ಮಾಡಿ ಓದಿಸುವುದೇ ಅದಕ್ಕಾಗಿ. ಅಮೆರಿಕದಲ್ಲಿ ದಾದಿಯಾಗಲು ಬರೆಯಬೇಕಾದ ಪರೀಕ್ಷೆಯು 1994ರಿಂದಲೂ ಗಣಕಯಂತ್ರದ ಮೇಲೆಯೇ ನಡೆಯುತ್ತಿದೆ. ಬೆಂಗಳೂರಿನಲ್ಲೂ ಅದಕ್ಕೆ ಕೇಂದ್ರವಿದೆ. ಅದು ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯನ್ನು ಕೊಡುವುದಿಲ್ಲ. ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ; ಅಭ್ಯರ್ಥಿಯ ಮಟ್ಟ ಖಚಿತವಾಯಿತೆಂದು ಯಂತ್ರಕ್ಕೆ ತೋರಿದೊಡನೆ ಪರೀಕ್ಷೆ ಮುಗಿಯುತ್ತದೆ. 2023ರ ಏಪ್ರಿಲಿನಿಂದ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ಪ್ರಶ್ನೆಗಳು ಕಷ್ಟವಾಗುತ್ತ ಹೋದವೆಂದು ಅಳುತ್ತ ಹೊರಬಂದವಳು ತೇರ್ಗಡೆಯಾಗಿರುವುದೂ ಸಾಧ್ಯ. ಗಣಕದ ಮುಂದೆ ಕುಳಿತು ಅಭ್ಯಾಸವಿಲ್ಲದವಳಿಗೆ ಇಂಥ ಪರೀಕ್ಷೆಯಲ್ಲಿ ಅರ್ಧ ಗಮನವು ಯಂತ್ರದ ಮೇಲೆಯೇ ಹೋಗುವುದು.

ಮಕ್ಕಳನ್ನು ಈ ವ್ಯಾಸಂಗಕ್ಕೆ ಸೇರಿಸಹೊರಟ ತಂದೆತಾಯಿಗಳು ಕಾಲೇಜಿಗೆ ಹೋದಾಗ ಸಾಮಾನ್ಯವಾಗಿ ಹಾಸ್ಟೆಲಿನ ಊಟವನ್ನೂ ಫೀಜನ್ನೂ ವಿಚಾರಿಸಿ ಬರುತ್ತಾರೆ. ಕಂಪ್ಯೂಟರ್ ಕೋಣೆಯನ್ನು ಬಾಗಿಲಲ್ಲಿ ನಿಂತು ತೋರಿಸಿದರೆ ಸಂತೋಷಪಡುತ್ತಾರೆ. ಒಳಗೆ ಹೋಗಿ ಒಂದು ಯಂತ್ರದ ಮೇಲೆ ಬೆರಳೆಳೆದು ನೋಡುವುದು ಒಳ್ಳೆಯದು. ದೂಳು ಸುಳ್ಳು ಹೇಳುವುದಿಲ್ಲ. ಬೀಗದ ಕೈ ಯಾರ ಹತ್ತಿರ ಇರುತ್ತದೆ, ಸಂಜೆ ಐದರ ಮೇಲೆ ಹುಡುಗಿಯರು ಒಳಗೆ ಹೋಗಬಹುದೆ, ಗೊಂಬೆಯ ಮೇಲೆ ಹೊದಿಸಿದ ಪ್ಲಾಸ್ಟಿಕ್ಕನ್ನು ಕೊನೆಯ ಸಲ ತೆಗೆದದ್ದು ಯಾವಾಗ ಎಂದು ಕೇಳಬೇಕು. ಅದಕ್ಕಿಂತಲೂ ಮುಖ್ಯವಾಗಿ, ವಾರದಲ್ಲಿ ಎಷ್ಟು ದಿನ ಆಸ್ಪತ್ರೆಯ ವಾರ್ಡಿಗೆ ಕಳುಹಿಸುತ್ತೀರಿ, ಅಲ್ಲಿ ಹುಡುಗಿಯ ಪಕ್ಕದಲ್ಲಿ ನಿಲ್ಲುವ ಬೋಧಕಿ ಯಾರು ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ತಡವಾದಲ್ಲಿ ಕಂಪ್ಯೂಟರುಗಳ ಸಂಖ್ಯೆ ಐವತ್ತಿದ್ದರೂ ಪ್ರಯೋಜನವಿಲ್ಲ.

ಇನ್ನು ದೇವರಾಜ ಅರಸು ಬಡಾವಣೆಯ ಆ ಮನೆಯ ಸಮಾಚಾರ. ಬೆಳಿಗ್ಗೆ ಏಳಕ್ಕೆ ಮೊದಲೇ ಹುಡುಗಿ ಬಿಳಿಯ ಕೋಟು ತೊಟ್ಟು ವಾರ್ಡಿಗೆ ಹೊರಟು ನಿಂತಿದ್ದಾಳೆ. ತಾಯಿ ಬುತ್ತಿಯ ಡಬ್ಬಿಯನ್ನು ಚೀಲಕ್ಕೆ ತುರುಕುತ್ತಿದ್ದಾರೆ. ತಂದೆ ಬಾಗಿಲವರೆಗೆ ಬಂದು ಕೇಳುತ್ತಾರೆ:

“ಅಲ್ಲವ್ವಾ, ರಾತ್ರಿ ಆ ಮುದುಕಪ್ಪ ಏನಾದ?”

“ಮೂರನೇ ಸಲಕ್ಕೆ ಬದುಕಿದ ಅಪ್ಪಾಜಿ.”

“ಮೊದಲ ಎರಡು ಸಲ ಏನು ತಪ್ಪು ಮಾಡಿದ್ದಿ?”

ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಎಲ್ಲಾ ನಾನೇ ಮಾಡ್ತೀನಿ ಅಂತ ಕೂತಿದ್ದೆ. ಡಾಕ್ಟರಿಗೆ ಫೋನು ಮಾಡೋದಕ್ಕೆ ಒಂದು ಗುಂಡಿ ಇತ್ತು, ಅದನ್ನ ಒತ್ತಲೇ ಇಲ್ಲ” ಎಂದು ಹೇಳಿ ಬಸ್ಸಿನ ಕಡೆಗೆ ಓಡುತ್ತಾಳೆ.